ಏವ್‌ಬರಿ: ಕಲ್ಲಿನ ಸುತ್ತಿನೊಳಗೆ ಒಂದು ಊರು

ಇಂಗ್ಲೆಂಡಿಗೆ ಬಂದುಹೋದ ನಮ್ಮವರಲ್ಲಿ ಸ್ಟೋನ್‌ಹೆಂಜ್ ನೋಡಿದವರು ಬೇಕಾದಷ್ಟು ಜನ ಸಿಗುತ್ತಾರೆ. ಏವ್‌ಬರಿ ನೋಡಿದವರು ಅಪರೂಪ. ಎರಡೂ ಇರುವುದು ವಿಲ್ಟ್‌ಶೈರ್ ಕೌಂಟಿಯಲ್ಲೇ. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಎರಡೂ ಜೊತೆಯಾಗಿಯೇ ಸೇರಿದವು. ಆದರೆ ಸ್ಟೋನ್‌ಹೆಂಜ್‌ನಲ್ಲಿ ಟಿಕೆಟ್ ತಗೊಂಡು, ಹಗ್ಗದ ಆಚೆ ನಿಂತು ನೋಡಿ ಬರಬೇಕು. ಏವ್‌ಬರಿಯ ಕಲ್ಲುಗಳಿಗೆ ಟಿಕೆಟ್ಟೂ ಇಲ್ಲ, ಹಗ್ಗವೂ ಇಲ್ಲ. ಐದು ಸಾವಿರ ವರ್ಷ ಹಳೆಯ ಕಲ್ಲಿಗೆ ಒರಗಿ ಕೂತು ಬುತ್ತಿ ಬಿಚ್ಚಿದರೂ ಯಾರೂ ಕೇಳುವುದಿಲ್ಲ. ಕುರಿಗಳು ಬಂದು ಮೂಸಿ ನೋಡಬಹುದು, ಅಷ್ಟೇ.

ಏವ್‌ಬರಿ ಒಂದು ಪ್ಯಾರಿಷ್. ಅಂದರೆ ಚರ್ಚಿನ ಸುತ್ತ ಬೆಳೆದ ಹಳ್ಳಿಗಳ ಗುಂಪು, ಈಗ ಅಲ್ಲಿನ ಸ್ಥಳೀಯ ಆಡಳಿತದ ಅತಿ ಕೆಳಗಿನ ಹಂತ. ಈ ಒಂದು ಪುಟ್ಟ ಪ್ಯಾರಿಷ್‌ನಲ್ಲಿರುವಷ್ಟು ಪುರಾತನ ಕಂದಕ, ದಿಬ್ಬ, ಸಮಾಧಿಗಳು ಕೆಲವು ದೇಶಗಳಲ್ಲೂ ಇರಲಿಕ್ಕಿಲ್ಲ. ಕಾರಿಲ್ಲದೆ, ನಡೆದೇ ನೋಡಬೇಕು ಅಂತ ಹೊರಟೆ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಸ್ವಿಂಡನ್‌ಗೆ ರೈಲು, ಅಲ್ಲಿಂದ 49ನೇ ನಂಬರ್ ಬಸ್ಸು.

ಮೊದಲ ದಿನ: ಕಂದಕ ಮತ್ತು ಕಲ್ಲು

ಬಸ್ಸು ಸೀದಾ ಸ್ಮಾರಕದೊಳಗೇ ನುಗ್ಗುತ್ತದೆ. ಉತ್ತರ ದಿಕ್ಕಿನ ದ್ವಾರದಲ್ಲಿ ಒಂದು ದೈತ್ಯ ಕಲ್ಲು ರಸ್ತೆಗೆ ಅಂಟಿಕೊಂಡಂತೆ ನಿಂತಿದೆ. ನಿಲ್ಲಿಸಿದ ದಿನದಿಂದ ಒಮ್ಮೆಯೂ ಬೀಳದ ಕೆಲವೇ ಕಲ್ಲುಗಳಲ್ಲಿ ಇದೂ ಒಂದು. ಲಾರಿಗಳು ಅದರ ಪಕ್ಕದಲ್ಲೇ ತಿರುಗಿ ಹೋಗುತ್ತವೆ. ನನಗಂತೂ ಅದನ್ನು ನೋಡಿ ಎದೆ ಝಲ್ಲೆಂದಿತು.

ಇಳಿದ ಮೇಲೆ ಮೊದಲು ಕಲ್ಲಿನ ಕಡೆ ಹೋಗಬೇಡಿ. ದಿಬ್ಬ ಹತ್ತಿ. ಕಲ್ಲುಗಳನ್ನು ಸುತ್ತುವರಿದ ಮಣ್ಣಿನ ಏರಿ ಸುಮಾರು 1.3 ಕಿ.ಮೀ. ಉದ್ದವಿದೆ. ಅದರ ಒಳಬದಿಗೆ ಕಂದಕ. ಕೋಟೆಯಾಗಿದ್ದರೆ ಕಂದಕ ಹೊರಗಿರಬೇಕಿತ್ತು ಅಲ್ವಾ? ಇಲ್ಲಿ ಉಲ್ಟಾ. ವೈರಿಯನ್ನು ತಡೆಯಲು ಕಟ್ಟಿದ್ದಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ಈ ಬಗೆಯ ಮಣ್ಣಿನ ಸುತ್ತಿಗೇ ಪುರಾತತ್ವದವರು 'ಹೆಂಜ್' ಅನ್ನುತ್ತಾರೆ. ಹೆರಾಲ್ಡ್ ಸೇಂಟ್ ಜಾರ್ಜ್ ಗ್ರೇ ಎಂಬುವರು 1908ರಿಂದ 1922ರ ನಡುವೆ ಬಿಟ್ಟುಬಿಟ್ಟು ಇಲ್ಲಿ ಅಗೆಸಿದರು. ಈಗ ಕಾಣುವ ಕಂದಕ ಹೂಳು ತುಂಬಿ ಉಳಿದದ್ದು, ಮೊದಲು ಅದರ ಆಳ ಕೆಲವೆಡೆ 9 ಮೀಟರಿಗೂ ಜಾಸ್ತಿ ಇತ್ತು ಅಂತ ಆಗ ಗೊತ್ತಾಯಿತು. ಅಗೆದದ್ದು ಜಿಂಕೆಯ ಕೊಂಬಿನಿಂದ. ಕೊಂಬುಗಳೇ ಕಂದಕದ ತಳದಲ್ಲಿ ಸಿಕ್ಕಿವೆ.

ಇಲ್ಲಿ ನೆಲವೆಲ್ಲ ಬಿಳಿ ಚಾಕ್ ಕಲ್ಲು. ಮೇಲಿನ ಹುಲ್ಲು ಕೆರೆದರೆ ಸಾಕು, ಬಿಳುಪು ಕಾಣುತ್ತದೆ. ಕ್ರಿ.ಪೂ. 2500ರ ಆಸುಪಾಸಿನಲ್ಲಿ ಹೊಸದಾಗಿ ಕಟ್ಟಿದ ಏರಿ ಹಸಿರು ಬಯಲಿನ ನಡುವೆ ಬೆಳ್ಳಗೆ ಹೊಳೆಯುತ್ತಿದ್ದಿರಬೇಕು. ಈಗ ಎಲ್ಲ ಹುಲ್ಲು. ಸುಮ್ನೆ ನೋಡಿದರೆ ಯಾವುದೋ ಕೆರೆ ಏರಿ ಅನ್ನಿಸುತ್ತದೆ.

ಹೊರಸುತ್ತಿನಲ್ಲಿ ಮೊದಲು ನೂರರ ಹತ್ತಿರ ಕಲ್ಲುಗಳಿದ್ದವು. ಕಲ್ಲಿನ ವೃತ್ತಗಳಲ್ಲಿ ಇಷ್ಟು ದೊಡ್ಡದು ಇಡೀ ಬ್ರಿಟನ್ನಿನಲ್ಲಿ ಇನ್ನೊಂದಿಲ್ಲ. ಒಳಗೆ ಇನ್ನೆರಡು ಚಿಕ್ಕ ವೃತ್ತಗಳು. 'ಚಿಕ್ಕ' ಅಂದರೂ ಒಂದೊಂದೂ ಸ್ಟೋನ್‌ಹೆಂಜ್‌ನ ಕಲ್ಲಿನ ವೃತ್ತಕ್ಕಿಂತ ದೊಡ್ಡದು. 1649ರ ಜನವರಿಯಲ್ಲಿ ಬೇಟೆಗೆ ಬಂದ ಜಾನ್ ಆಬ್ರಿ ಎಂಬ ಪ್ರಾಚೀನ ಸ್ಮಾರಕಗಳ ಆಸಕ್ತ ಇದನ್ನು ಕಂಡು ದಂಗಾದ. ಕೆಥೆಡ್ರಲ್ ಮುಂದೆ ಊರ ಚರ್ಚು ಹೇಗೋ ಏವ್‌ಬರಿ ಮುಂದೆ ಸ್ಟೋನ್‌ಹೆಂಜ್ ಹಾಗೆ ಅಂತ ಬರೆದ. ಊರಿನವರಿಗೆ ಅದೇನೂ ಹೊಸದಾಗಿರಲಿಲ್ಲ. ಅವರು ಅದರೊಳಗೇ ಮನೆ ಮಾಡಿಕೊಂಡಿದ್ದರು.

ಆ ಊರು ಈಗಲೂ ಇದೆ, ಅರ್ಧಂಬರ್ಧ. ವೃತ್ತದ ನಡುವೆ ರಸ್ತೆಗಳು ಕೂಡುವ ಕಡೆ ರೆಡ್ ಲಯನ್ ಅನ್ನುವ ಪಬ್ ಇದೆ, ಹುಲ್ಲಿನ ಮಾಡು. ಆಚೆ ಒಂದಷ್ಟು ಮನೆಗಳು, ಒಂದು ಹಳೆಯ ಪ್ರಾರ್ಥನಾ ಮಂದಿರ. ಅದರ ಗೋಡೆಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಎಲ್ಲ ಒಡೆದ ಸಾರ್ಸನ್ ಕಲ್ಲು, ಅಂದರೆ ವೃತ್ತದಲ್ಲಿ ನಿಂತಿರುವ ಅದೇ ಗಟ್ಟಿ ಮರಳುಗಲ್ಲು. ವೃತ್ತದಿಂದ ಕಾಣೆಯಾದ ಕಲ್ಲುಗಳು ಎಲ್ಲಿ ಹೋದವು ಅಂತ ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಪ್ಯಾರಿಷ್ ಚರ್ಚು ಮಾತ್ರ ಸುತ್ತಿನ ಹೊರಗೆ, ಪಶ್ಚಿಮಕ್ಕಿದೆ. ಅದರ ಕೆಲವು ಭಾಗಗಳು ನಾರ್ಮನ್ನರು ಬರುವ ಮುಂಚಿನವು.

ಈ ಕಲ್ಲುಗಳಿಗೆ ಎರಡು ಕಂಟಕ ಬಂದವು. ಮೊದಲನೆಯದು 14ನೇ ಶತಮಾನದ ಹೊತ್ತಿಗೆ. ಪಕ್ಕದಲ್ಲಿ ಗುಂಡಿ ತೋಡಿ, ಕಲ್ಲನ್ನು ಉರುಳಿಸಿ, ಮಣ್ಣು ಮುಚ್ಚಿದರು. ಧರ್ಮದ ಭಯದಿಂದಲೋ, ಉಳುಮೆಗೆ ಜಾಗ ಬೇಕಂತಲೋ, ಎರಡೂ ಮಾತು ಕೇಳುತ್ತೇವೆ. 1938ರಲ್ಲಿ ಹಾಗೆ ಹೂತ ಒಂದು ಕಲ್ಲಿನ ಅಡಿ ಗಂಡಸಿನ ಅಸ್ಥಿಪಂಜರ ಸಿಕ್ಕಿತು. ಜೊತೆಗೆ ಕತ್ತರಿ, ಚುಚ್ಚುವ ಒಂದು ಸಲಕರಣೆ, ಕೆಲವು ನಾಣ್ಯ. ಕ್ಷೌರದ ಜೊತೆ ಸಣ್ಣಪುಟ್ಟ ಶಸ್ತ್ರಚಿಕಿತ್ಸೆ ಮಾಡುವವನಿರಬೇಕು ಅಂದರು. ಕಲ್ಲು ಬಿದ್ದೇ ಸತ್ತ ಅನ್ನುವ ಕಥೆ ಬೆಳೆಯಿತು. ಎಲುಬುಗಳು ಲಂಡನ್ನಿಗೆ ಹೋದವು. ಯುದ್ಧದ ಬಾಂಬಿಗೆ ನಾಶವಾದವು ಅಂತ ಎಲ್ಲರೂ ನಂಬಿದ್ದರು. 1990ರ ದಶಕದ ಕೊನೆಯಲ್ಲಿ ಅವು ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸಿಕ್ಕವು. ಪರೀಕ್ಷಿಸಿದರೆ ಜಜ್ಜಿಹೋದ ಗುರುತೇ ಇಲ್ಲ. ಒಳ್ಳೆಯ ಕಥೆಯೊಂದು ಹಾಳಾಯಿತು ನೋಡಿ!

ಎರಡನೆಯ ಕಂಟಕ 17-18ನೇ ಶತಮಾನದಲ್ಲಿ. ಕಲ್ಲಿನಡಿ ಗುಂಡಿ ತೋಡಿ, ಹುಲ್ಲು ತುಂಬಿ ಬೆಂಕಿ ಹಾಕುವುದು. ಕಾದ ಕಲ್ಲಿನ ಮೇಲೆ ಗೆರೆಗೆರೆಯಾಗಿ ತಣ್ಣೀರು ಸುರಿಯುವುದು. ಆಮೇಲೆ ಸುತ್ತಿಗೆ ಏಟು. ವಿಲಿಯಂ ಸ್ಟ್ಯೂಕ್ಲಿ ಎಂಬ ಪ್ರಾಚೀನ ಸ್ಮಾರಕಗಳ ಅಧ್ಯಯನಕಾರ 1720ರ ಸುಮಾರಿಗೆ ವರ್ಷವರ್ಷ ಇಲ್ಲಿಗೆ ಬಂದು, ಕಣ್ಣೆದುರೇ ಕಲ್ಲುಗಳು ಚೂರಾಗುವುದನ್ನು ನೋಡುತ್ತ, ಇದ್ದದ್ದನ್ನು ಬಿದ್ದದ್ದನ್ನು ಚಿತ್ರ ಬರೆದಿಟ್ಟ. ಒಡೆಸಿದವರ ಹೆಸರನ್ನೂ ಬರೆದಿಟ್ಟ. ನನಗೆ ಆ ಜನರ ಮೇಲೆ ಅಷ್ಟೇನೂ ಸಿಟ್ಟು ಬರಲಿಲ್ಲ. ಮನೆ ಕಟ್ಟಲು ಕಲ್ಲು ಬೇಕು, ಕಲ್ಲು ಹೊಲದಲ್ಲೇ ನಿಂತಿದೆ. ಯಾವ ಊರಿನವರಾದರೂ ಏನು ಮಾಡುತ್ತಿದ್ದರು?

ಸಂಜೆ ಏರಿಯ ಮೇಲೆ ಪೂರ್ತಿ ಒಂದು ಸುತ್ತು ಹಾಕಿದೆ. ಆಗ ಒಂದು ವಿಚಿತ್ರ ಕಾಣುತ್ತದೆ. ಪಶ್ಚಿಮದ ಅರ್ಧದಲ್ಲಿ ಕಲ್ಲುಗಳು ಸಾಲಾಗಿ ನಿಂತಿವೆ, ಇಲ್ಲದ ಕಡೆ ಕಾಂಕ್ರೀಟಿನ ಮೊಟಕು ಗೂಟಗಳಿವೆ. ಪೂರ್ವದ ಅರ್ಧ ಬಹುತೇಕ ಬೋಳು. ಪೂರ್ವದ ಕಲ್ಲುಗಳ ಮೇಲೆ ಊರಿನವರಿಗೆ ಜಾಸ್ತಿ ಸಿಟ್ಟಿತ್ತು ಅಂತಲ್ಲ. ಎತ್ತಿ ನಿಲ್ಲಿಸುವ ಕೆಲಸ ಅಲ್ಲಿಗೆ ಬರುವಷ್ಟರಲ್ಲಿ 1939 ಬಂತು, ಯುದ್ಧ ಬಂತು. ಕೆಲವು ಕಲ್ಲುಗಳು ಆ ಕಡೆ ಇನ್ನೂ ಹುಲ್ಲಿನಡಿ ಮಲಗಿರುವುದು ನೆಲವನ್ನು ಅಗೆಯದೆ ಮಾಡುವ ಸರ್ವೆಗಳಲ್ಲಿ ಕಂಡಿದೆ.

ಎರಡನೇ ದಿನ: ಮಾರ್ಮಲೇಡ್ ಸಾಹುಕಾರ

ಎತ್ತಿ ನಿಲ್ಲಿಸಿದವನು ಅಲೆಕ್ಸಾಂಡರ್ ಕೀಲರ್. ಸ್ಕಾಟ್ಲೆಂಡಿನ ಡಂಡೀಯಲ್ಲಿ ಮಾರ್ಮಲೇಡ್ (ಕಿತ್ತಳೆ ಹಣ್ಣಿನ ಜಾಮ್) ಮಾಡಿ ಶ್ರೀಮಂತವಾದ ಮನೆತನದ ವಾರಸುದಾರ. ಪುರಾತತ್ವ ಅವನ ಹುಚ್ಚು. ಊರ ಕುದುರೆ ಲಾಯದಲ್ಲಿ ಅವನು ತೆರೆದ ಮ್ಯೂಸಿಯಂ ಈಗಲೂ ಅವನ ಹೆಸರಿನಲ್ಲೇ ಇದೆ. ಬೆಳಿಗ್ಗೆ ಅಲ್ಲಿಗೆ ಹೋದೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಜನ ನಿಲ್ಲುವುದು ಒಂದು ಪುಟ್ಟ ಮಗುವಿನ ಅಸ್ಥಿಪಂಜರದ ಮುಂದೆ. ವಿಂಡ್‌ಮಿಲ್ ಹಿಲ್ ಅನ್ನುವ ಗುಡ್ಡದ ಕಂದಕದಲ್ಲಿ ಕೀಲರ್‌ಗೆ ಸಿಕ್ಕಿದ್ದು. ಈ ಎಲುಬುಗಳನ್ನು ಮತ್ತೆ ಮಣ್ಣು ಮಾಡಬೇಕು ಅಂತ 2006ರಲ್ಲಿ ಈ ಕಾಲದ ಡ್ರೂಯಿಡ್ ಪಂಥದವರು, ಅಂದರೆ ಬ್ರಿಟನ್ನಿನ ಪುರಾತನ ಪೂಜಾರಿಗಳ ಹಾದಿ ತಮ್ಮದು ಅನ್ನುವವರು, ಮನವಿ ಕೊಟ್ಟರು. ಸಾರ್ವಜನಿಕರ ಅಭಿಪ್ರಾಯವನ್ನೆಲ್ಲ ಕೇಳಿ, 2010ರಲ್ಲಿ ಮ್ಯೂಸಿಯಂನಲ್ಲೇ ಇರಲಿ ಅಂತ ತೀರ್ಮಾನವಾಯಿತು. ನನ್ನ ಮನಸ್ಸು ಎರಡೂ ಕಡೆ ಎಳೆಯಿತು.

ವಿಂಡ್‌ಮಿಲ್ ಹಿಲ್ ಊರಿಗೆ ವಾಯವ್ಯದಲ್ಲಿದೆ. ಹೊಲಗಳ ನಡುವೆ ನಡೆಯುವ ದಾರಿ, ಏರು ಅಷ್ಟೇನಿಲ್ಲ. ಮೇಲೆ ಹೋದರೆ ನಿರಾಸೆಯಾಗುವ ಸಾಧ್ಯತೆ ಜಾಸ್ತಿ. ಕಲ್ಲಿಲ್ಲ, ಗೋಡೆ ಇಲ್ಲ. ಒಂದರೊಳಗೊಂದು ಮೂರು ಕಂದಕಗಳ ಮಸುಕು ಗುರುತು, ನಂತರದ ಕಾಲದ ಕೆಲವು ಗುಂಡು ಸಮಾಧಿ ದಿಬ್ಬಗಳು. ಕಂದಕಗಳು ಅಖಂಡವಾಗಿಲ್ಲ, ನಡುನಡುವೆ ಅಗೆಯದೆ ದಾಟುದಾರಿ ಬಿಟ್ಟಿದ್ದಾರೆ. ಕ್ರಿ.ಪೂ. 3700ರ ಹೊತ್ತಿನದು. ಅಂದರೆ ಕೆಳಗಿನ ಕಲ್ಲಿನ ವೃತ್ತಕ್ಕಿಂತ ಸಾವಿರ ವರ್ಷ ಹಿರಿಯ.

ಇಲ್ಲಿ ಜನ ಖಾಯಂ ಮನೆ ಮಾಡಿ ಇರಲಿಲ್ಲ ಅನ್ನುವುದು ಈಗಿನ ಅಭಿಪ್ರಾಯ. ಕಂದಕದಲ್ಲಿ ಸಿಕ್ಕಿದ್ದು ರಾಶಿ ರಾಶಿ ದನದ ಎಲುಬು, ಒಡೆದ ಮಡಕೆ, ಕಲ್ಲಿನ ಕೊಡಲಿ. ಕೆಲವು ಮಡಕೆಯ ಮಣ್ಣು ದೂರದ ಕಾರ್ನ್‌ವಾಲ್‌ನದು. ಕೊಡಲಿಯ ಕಲ್ಲು ಇನ್ನೂ ದೂರದ ಬೆಟ್ಟಗಳದ್ದು. ವರ್ಷದ ಯಾವುದೋ ಹೊತ್ತಿನಲ್ಲಿ ದನ ಹೊಡೆದುಕೊಂಡು ಬಂದು, ಕೂಡಿ, ಉಂಡು, ಕೊಟ್ಟು ತಗೊಂಡು, ಹೆಣ್ಣು-ಗಂಡು ನೋಡಿಕೊಂಡು ವಾಪಸ್ ಹೋಗುವ ಜಾಗ. ನಮ್ಮ ಬಯಲುಸೀಮೆಯ ದನಗಳ ಜಾತ್ರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1923ರಲ್ಲಿ ಈ ಗುಡ್ಡದ ಮೇಲೆ ಮಾರ್ಕೊನಿ ಕಂಪನಿ ರೇಡಿಯೊ ಕಂಬ ನೆಡುವ ಯೋಜನೆ ಹಾಕಿತ್ತು. ಪುರಾತತ್ವಜ್ಞ ಒ. ಜಿ. ಎಸ್. ಕ್ರಾಫರ್ಡ್ ಗಲಾಟೆ ಎಬ್ಬಿಸಿದರು. ಕೀಲರ್ ಏನು ಮಾಡಿದ ಗೊತ್ತಾ? ಗುಡ್ಡವನ್ನೇ ಕೊಂಡುಬಿಟ್ಟ. ಕ್ರಾಫರ್ಡ್ ಮತ್ತು ಕೀಲರ್ 1924ರಲ್ಲಿ ಬಾಡಿಗೆ ವಿಮಾನದಲ್ಲಿ ಈ ಸೀಮೆಯ ಮೇಲೆಲ್ಲ ಹಾರಿ ಫೋಟೊ ತೆಗೆದರು. ನೆಲದ ಮೇಲೆ ನಿಂತರೆ ಕಾಣದ ದಿಣ್ಣೆ-ತಗ್ಗುಗಳು ಓರೆ ಬಿಸಿಲಲ್ಲಿ ಮೇಲಿಂದ ಗೆರೆ ಎಳೆದಂತೆ ಕಾಣುತ್ತವೆ. ನಡೆದು ನೋಡುವವರಿಗೂ ಇದೇ ಗುಟ್ಟು. ನಡುಮಧ್ಯಾಹ್ನ ಇಲ್ಲಿ ಏನೂ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಬರಬೇಕು.

ಗುಡ್ಡ ಇಳಿದು ದಕ್ಷಿಣಕ್ಕೆ, ವಿಂಟರ್‌ಬೋರ್ನ್ ಹೊಳೆಯ ಪಕ್ಕದಲ್ಲೇ ನಡೆದರೆ ಸಿಲ್ಬರಿ ಹಿಲ್. ಎತ್ತರ ಸುಮಾರು 40 ಮೀಟರ್. ಇಡೀ ಗುಡ್ಡವನ್ನು ಮನುಷ್ಯರೇ ಕಟ್ಟಿದ್ದು, ಕ್ರಿ.ಪೂ. 2400ರ ಹೊತ್ತಿಗೆ. ಯುರೋಪಿನಲ್ಲಿ ಆ ಕಾಲದ ಇಷ್ಟು ದೊಡ್ಡ ಕೃತಕ ದಿಬ್ಬ ಇನ್ನೊಂದಿಲ್ಲ. ಒಳಗೆ ರಾಜನಿದ್ದಾನೆ, ಚಿನ್ನವಿದೆ ಅಂತ 1776ರಲ್ಲಿ ಮೇಲಿಂದ ಬಾವಿ ತೋಡಿದರು. 1849ರಲ್ಲಿ ಪಕ್ಕದಿಂದ ಸುರಂಗ ಕೊರೆದರು. 1968ರಲ್ಲಿ ಬಿಬಿಸಿ ಟಿವಿಯ ಕ್ಯಾಮೆರಾ ಮುಂದೆ ಮತ್ತೊಂದು ಸುರಂಗ. ರಾಜನೂ ಇಲ್ಲ, ಚಿನ್ನವೂ ಇಲ್ಲ. ಸಿಕ್ಕಿದ್ದು ಹುಲ್ಲು, ಪಾಚಿ, ಹುಳುಹುಪ್ಪಟೆ. ಆದರೆ ತೋಡಿದ್ದಕ್ಕೆ ಬೆಲೆ ತೆರಬೇಕಾಯಿತು. 2000ನೇ ಇಸವಿಯಲ್ಲಿ ಹಳೆಯ ಬಾವಿ ಕುಸಿದು ನೆತ್ತಿಯಲ್ಲಿ ಬಾಯಿ ತೆರೆಯಿತು. 2007-08ರಲ್ಲಿ ಒಳಗೆ ಹೋಗಿ ಎಲ್ಲ ಸುರಂಗಗಳನ್ನೂ ಚಾಕ್ ಕಲ್ಲು ತುಂಬಿ ಮುಚ್ಚಿದರು. ಈಗ ಹತ್ತುವಂತಿಲ್ಲ. ಸರಿಯಾಗಿಯೇ ಮಾಡಿದ್ದಾರೆ.

ಗುಡ್ಡದ ಬುಡದ ಹೊಲಗಳಲ್ಲಿ ರೋಮನ್ ಕಾಲದ ಒಂದು ಊರೇ ಇತ್ತು. ಹೊರಗೆ ಒಂದು ಕಲ್ಲೂ ಕಾಣುವುದಿಲ್ಲ, ಎಲ್ಲ ಮಣ್ಣಿನೊಳಗೆ. ಬಾತ್ ಅನ್ನುವ ಊರಿನ ಕಡೆಯಿಂದ ನೇರವಾಗಿ ಬಂದ ರೋಮನ್ ರಸ್ತೆ ಸಿಲ್ಬರಿಯ ಹತ್ತಿರ ಕೊಂಚ ಬಾಗಿ ಹೋಗುತ್ತದೆ. ಗುಡ್ಡ ರಸ್ತೆಗಿಂತ ಹಳೆಯದು ಅಂತ ವಾದ ಮಾಡಲು ಹಿಂದಿನವರಿಗೆ ಅಷ್ಟೇ ಸಾಕಾಗಿತ್ತು.

ಹೆದ್ದಾರಿ ದಾಟಿ ಏರು ಹತ್ತಿದರೆ ವೆಸ್ಟ್ ಕೆನೆಟ್ ಉದ್ದ ಸಮಾಧಿ. ಸುಮಾರು 100 ಮೀಟರ್ ಉದ್ದದ ಮಣ್ಣಿನ ದಿಣ್ಣೆ, ಪೂರ್ವ ತುದಿಯಲ್ಲಿ ಕಲ್ಲಿನ ಐದು ಕೋಣೆ. ಬಗ್ಗಿ ಒಳಗೆ ಹೋಗಬಹುದು. 1955-56ರಲ್ಲಿ ಇಲ್ಲಿ ಅಗೆದವರು ಸ್ಟೂವರ್ಟ್ ಪಿಗಟ್ ಮತ್ತು ರಿಚರ್ಡ್ ಅಟ್ಕಿನ್ಸನ್. ಪಿಗಟ್ ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯದ ಕೆಲಸದ ಮೇಲೆ ಭಾರತದಲ್ಲಿದ್ದವರು, ಆಮೇಲೆ ನಮ್ಮ ದೇಶದ ಪ್ರಾಚೀನ ಕಾಲದ ಬಗ್ಗೆಯೂ ಬರೆದರು. ಕೋಣೆಗಳಲ್ಲಿ ಮೂವತ್ತಾರು ಜನರಷ್ಟು ಎಲುಬು ಸಿಕ್ಕಿದವು. ಸಾವಿರ ವರ್ಷ ಬಳಸಿದ ಸಮಾಧಿ ಅಂತ ಅಂದುಕೊಂಡಿದ್ದರು. ಹೊಸ ಲೆಕ್ಕದ ಪ್ರಕಾರ ಅಷ್ಟೂ ಹೆಣಗಳನ್ನು ಇಟ್ಟದ್ದು ಒಂದು ತಲೆಮಾರಿನೊಳಗೆ. ಅಂದರೆ ಇವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು! ಇದು ತಿಳಿದ ಮೇಲೆ ಆ ಕೋಣೆಗಳು ಬೇರೆ ಥರ ಕಾಣುತ್ತವೆ.

17ನೇ ಶತಮಾನದಲ್ಲಿ ಮಾರ್ಲ್‌ಬರೊ ಊರಿನ ಟೂಪ್ ಅನ್ನುವ ವೈದ್ಯನೊಬ್ಬ ಈ ಸೀಮೆಯಲ್ಲಿ ಎಲುಬು ಅಗೆದು ತಗೊಂಡು ಹೋಗಿ ಔಷಧಿ ಮಾಡುತ್ತಿದ್ದನಂತೆ. ಅವನೇ ಆಬ್ರಿಗೆ ಹಾಗಂತ ಪತ್ರ ಬರೆದಿದ್ದಾನೆ. ರೋಗಿಗಳ ಗತಿ ಏನಾಯಿತೋ.

ಮೂರನೇ ದಿನ: ಮೇಲೆ ಕುರಿಗಳು, ಕೆಳಗೆ ಮನೆಗಳು

ಹೆಂಜ್‌ನ ಪೂರ್ವ ದ್ವಾರದಿಂದ ಒಂದು ಹಳೆಯ ಗಾಡಿದಾರಿ ಸೀದಾ ಏರುತ್ತದೆ. ಮೇಲೆ ರಿಡ್ಜ್‌ವೇ ಅನ್ನುವ ಪುರಾತನ ಕಾಲುದಾರಿ ದಾಟಿದರೆ ಏವ್‌ಬರಿ ಪ್ಯಾರಿಷ್ ಮುಗಿಯಿತು, ಓವರ್ಟನ್ ಮತ್ತು ಫೈಫೀಲ್ಡ್ ಬಯಲು ಶುರು. ಸಾರ್ಸನ್ ಕಲ್ಲುಗಳು ಹುಟ್ಟಿದಂತೆಯೇ ಹುಲ್ಲಿನಲ್ಲಿ ಬಿದ್ದುಕೊಂಡಿವೆ, ಅವುಗಳ ನಡುವೆ ಕುರಿಗಳು. ಒಂದು ಕಲ್ಲಿನ ಮೇಲೆ ನುಣುಪಾದ ಉದ್ದ ಗೀರುಗಳಿವೆ. ಕಲ್ಲಿನ ಕೊಡಲಿ ಉಜ್ಜಿ ಉಜ್ಜಿ ಆದ ಗೀರು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ಕೊಡಲಿ ಉಜ್ಜಿದ ಇಂಥವೇ ತೋಡುಗಳನ್ನು ನೋಡಿದವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಈ ಬಯಲಿನಲ್ಲಿ ಈಗ ಯಾರೂ ವಾಸವಿಲ್ಲ ಅನ್ನಬಹುದು. ಒಂದು ಕಾಲದಲ್ಲಿ ಇದು ಹೊಲ. ಚೌಕ ಚೌಕವಾಗಿ ಬದುಗಳು ಓರೆ ಬಿಸಿಲಲ್ಲಿ ಎದ್ದು ಕಾಣುತ್ತವೆ, ಇತಿಹಾಸಪೂರ್ವ ಕಾಲದಿಂದ ರೋಮನ್ನರ ಕಾಲದವರೆಗೆ ಉತ್ತ ಹೊಲಗಳು. 13ನೇ ಶತಮಾನದಲ್ಲಿ ಕುರಿ ಸಾಕುವವರ ಒಂದು ಒಕ್ಕಲು ಮನೆಯೂ ಇತ್ತು. ಪುರಾತತ್ವಜ್ಞ ಪೀಟರ್ ಫೌಲರ್ ಅದನ್ನು ಅಗೆದು ತೆಗೆದರು.

ಇದರ ಹತ್ತಿರವೇ, ಓವರ್ಟನ್ ಬಯಲಿನಲ್ಲಿ, ಹುಲ್ಲು ಬೆಳೆದ ಒಂದು ಪುಟ್ಟ ಏರಿ ಮತ್ತು ಕಂದಕ ಇದೆ. ನೋಡಿದರೆ ಎರಡು ಸಾವಿರ ವರ್ಷ ಹಳೆಯದು ಅನ್ನಬೇಕು. ಕಟ್ಟಿದ್ದು 1960ರಲ್ಲಿ! ವಿಜ್ಞಾನಿಗಳೇ ಬೇಕಂತ ಕಟ್ಟಿದ್ದು. ಮಣ್ಣಿನ ಏರಿ ಹೇಗೆ ಕುಸಿಯುತ್ತದೆ, ಕಂದಕ ಎಷ್ಟು ಬೇಗ ತುಂಬುತ್ತದೆ, ಒಳಗೆ ಹೂತ ಬಟ್ಟೆ, ಚರ್ಮ, ಮರ, ಎಲುಬು ಏನಾಗುತ್ತವೆ ಅಂತ ತಿಳಿಯಲು. ಅಗೆದು ನೋಡುವ ಅವಧಿ ಪ್ರತಿ ಸಲ ದುಪ್ಪಟ್ಟು: 1962, 1964, 1968, 1976, 1992. ಯೋಜನೆಯ ಕೊನೆಯ ಅಗೆತ 128 ವರ್ಷಕ್ಕೆ, ಅಂದರೆ 2088ರಲ್ಲಿ. ಶುರು ಮಾಡಿದವರು ಯಾರೂ ಫಲಿತಾಂಶ ನೋಡುವುದಿಲ್ಲ ಅಂತ ಗೊತ್ತಿದ್ದೇ ಮಾಡಿದ ಕೆಲಸ. ಈ ಮೂರು ದಿನದಲ್ಲಿ ನನಗೆ ತುಂಬಾ ಇಷ್ಟವಾದ ದಿಣ್ಣೆ ಇದೇ. ಇದರಿಂದ ಗೊತ್ತಾದ ಒಂದು ಮುಖ್ಯ ಸಂಗತಿ: ಕಂದಕದ ಅಂಚು ಮೊದಲ ಕೆಲವೇ ವರ್ಷಗಳಲ್ಲಿ ಭರಭರ ಕುಸಿದು, ಆಮೇಲೆ ಹುಲ್ಲು ಹಿಡಿದು ನಿಂತುಬಿಡುತ್ತದೆ.

ಮಧ್ಯಾಹ್ನ ಮತ್ತೆ ಏವ್‌ಬರಿಗೆ ಇಳಿದು ದಕ್ಷಿಣದ ಒಳವೃತ್ತಕ್ಕೆ ಹೋದೆ. ಒಂದು ಕಾರಣವಿತ್ತು. 1939ರಲ್ಲಿ ಕೀಲರ್ ಇಲ್ಲಿ ಒಂದು ಕಟ್ಟಡದ ತಳಪಾಯದ ಗುರುತು ಕಂಡ. ಮಧ್ಯಯುಗದ ಯಾವುದೋ ಕೊಟ್ಟಿಗೆ ಅಂದುಕೊಂಡು ಬಿಟ್ಟ. 2017ರಲ್ಲಿ ಲೆಸ್ಟರ್ ಮತ್ತು ಸೌತಾಂಪ್ಟನ್ ವಿಶ್ವವಿದ್ಯಾಲಯಗಳ ತಂಡ ರಡಾರ್ ಹಿಡಿದು ಹುಡುಕಿದಾಗ, ಅದರ ಸುತ್ತ ಸುಮಾರು 30 ಮೀಟರ್ ಅಗಲದ ಚೌಕದಲ್ಲಿ ಕಲ್ಲುಗಳಿದ್ದ ಗುರುತು ಸಿಕ್ಕಿತು. ಅವರ ವಿವರಣೆ ಹೀಗಿದೆ: ಅದು ಕೊಟ್ಟಿಗೆಯಲ್ಲ, ಕ್ರಿ.ಪೂ. 3700ರ ಸುಮಾರಿನ ಒಂದು ಮನೆ. ಮನೆ ಬಿದ್ದ ಎಷ್ಟೋ ಕಾಲದ ಮೇಲೆ, ಆ ಜಾಗದ ನೆನಪಿಗೆ ಚೌಕವಾಗಿ ಕಲ್ಲು ನಿಲ್ಲಿಸಿದರು. ಅದರ ಸುತ್ತ ವೃತ್ತ, ವೃತ್ತದ ಸುತ್ತ ಇನ್ನೊಂದು ವೃತ್ತ, ಕಂದಕ, ಏರಿ. ಇದು ನಿಜವಾದರೆ ಇಷ್ಟೆಲ್ಲ ದೊಡ್ಡ ಸ್ಮಾರಕದ ನಟ್ಟನಡುವೆ ಇರುವುದು ದೇವರೂ ಅಲ್ಲ, ರಾಜನೂ ಅಲ್ಲ. ಯಾರದೋ ಮನೆ.

ಇದನ್ನು ತಲೆಯಲ್ಲಿಟ್ಟುಕೊಂಡು ಕೀಲರ್ ಮಾಡಿದ ಇನ್ನೊಂದು ಕೆಲಸ ನೋಡಬೇಕು. 1937ರಿಂದ ಅವನು ಹೂತ ಕಲ್ಲುಗಳನ್ನು ಎತ್ತಿ ನಿಲ್ಲಿಸುತ್ತ ಹೋದ. ಮರದ ಬೊಡ್ಡೆಗಳನ್ನು ಸಿಡಿಮದ್ದು ಇಟ್ಟು ಹಾರಿಸಿದ. ಜೊತೆಗೆ, ಕಲ್ಲುಗಳು ಚೆನ್ನಾಗಿ ಕಾಣಲಿ ಅಂತ ಸುತ್ತಿನೊಳಗಿನ ಮನೆಗಳನ್ನು ಕೊಂಡು ಕೆಡವಿಸಿದ. 1943ರಲ್ಲಿ ತನ್ನ ಜಮೀನನ್ನು 12,000 ಪೌಂಡಿಗೆ ನ್ಯಾಷನಲ್ ಟ್ರಸ್ಟ್ ಎಂಬ ಪಾರಂಪರಿಕ ಜಾಗಗಳನ್ನು ಕಾಪಾಡುವ ಸಂಸ್ಥೆಗೆ ಮಾರಿದ. ಆಮೇಲೂ ಕೆಲವು ಕಾಲ ಖಾಲಿಯಾದ ಮನೆಗಳನ್ನು ಕೆಡವುವುದು ನಡೆಯಿತು. ಕೊನೆಗೆ ನಿಂತಿತು. ಅದಕ್ಕೇ ಈಗ ಅರ್ಧ ಊರು ಉಳಿದಿದೆ.

ನಮಗೆ ಇದು ತೀರಾ ಪರಕೀಯ ಕಥೆಯಲ್ಲ. ಹಂಪಿಯೂ ಏವ್‌ಬರಿಯೂ ಯುನೆಸ್ಕೋ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1986. 2011ರಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಜೆಸಿಬಿ ತಂದು ತೆಗೆಸಿದ್ದು ಎಷ್ಟೋ ಜನರಿಗೆ ನೆನಪಿದೆ. ಮಂಟಪಗಳು ಈಗ ಚೆನ್ನಾಗಿ ಕಾಣುತ್ತವೆ, ನಿಜ. ಕೀಲರ್ ಇಲ್ಲದಿದ್ದರೆ ಏವ್‌ಬರಿಯಲ್ಲಿ ಇಷ್ಟು ಕಲ್ಲು ಕಾಣುತ್ತಿರಲಿಲ್ಲ, ಅದೂ ನಿಜ. ಆದರೆ ಸಾವಿರಾರು ವರ್ಷದ ಹಿಂದಿನ ಒಂದು ಮನೆಯ ಗುರುತಿಗೆ ರಡಾರ್ ಹಿಡಿದು ಓಡಾಡುವ ನಾವು, ನಿನ್ನೆ ಮೊನ್ನೆಯ ಮನೆಗಳನ್ನು ಕಸ ಅಂತ ಗುಡಿಸಿದ್ದು ನನಗೆ ಸರಿಕಾಣಲಿಲ್ಲ.

ಹೊರಗೆ ಹಾಕಿದವರು ಎಲ್ಲಿಗೆ ಹೋದರು? ಚರ್ಚಿನ ಹಿಂದಿನ ಕಾಲುದಾರಿ ಹಿಡಿದು, ವಿಂಟರ್‌ಬೋರ್ನ್ ಮೇಲಿನ ಸಣ್ಣ ಸೇತುವೆ ದಾಟಿ ಪಶ್ಚಿಮಕ್ಕೆ ನಡೆದೆ. ಏವ್‌ಬರಿ ಟ್ರಸ್ಲೋ. ಮನೆ ಕಳೆದುಕೊಂಡವರಿಗೆ ಹೊಸ ಮನೆಗಳು ಎದ್ದದ್ದು ಇಲ್ಲಿ. ಸಾದಾ ಮನೆಗಳು, ಮುಂದೆ ತೋಟ, ಗೇಟಿಗೆ ಒರಗಿಸಿದ ಸೈಕಲ್ಲು. ಪ್ರವಾಸಿಗಳು ಈ ಕಡೆ ಬರುವುದು ಕಡಿಮೆ, ಬರಲು ಕಾರಣವೂ ಇಲ್ಲ. ವೃತ್ತದೊಳಗೆ ಇಲ್ಲದ ಕಲ್ಲಿಗೂ ಒಂದೊಂದು ಕಾಂಕ್ರೀಟ್ ಗೂಟ ನೆಟ್ಟಿದ್ದಾರೆ. ಕೆಡವಿದ ಮನೆಗಳ ಜಾಗದಲ್ಲಿ ಅಂಥ ಒಂದು ಗೂಟವೂ ನನ್ನ ಕಣ್ಣಿಗೆ ಬೀಳಲಿಲ್ಲ. ನೆಡುವುದು ಕಷ್ಟವೇನಲ್ಲ. ಯಾವ ಮನೆ ಎಲ್ಲಿತ್ತು ಅಂತ ಹಳೆಯ ನಕ್ಷೆಗಳಲ್ಲೇ ಇದೆ.